ಒಂದೇ ತಂತಿ ಸಾಕು: ಡಬ್ಬಿ, ರೀಪು, ಸ್ಕೇಲಿನಿಂದ ಮಕ್ಕಳ ಜೊತೆ ಏಕತಾರಿ ಮಾಡುವ ಬಗೆ

ಮಕ್ಕಳ ಕೈಯಲ್ಲಿ ವಾದ್ಯ ಮಾಡಿಸಬೇಕು ಅಂದ ಕೂಡಲೇ ಬಹಳ ಜನ ಚಪ್ಪಲಿ ಡಬ್ಬಕ್ಕೆ ನಾಲ್ಕು ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಮಗು ಹತ್ತು ನಿಮಿಷ ಟಿಂಗ್ ಟಿಂಗ್ ಅನ್ನಿಸುತ್ತದೆ. ಸಂಜೆಗೆ ಡಬ್ಬ ಕಸಕ್ಕೆ ಹೋಗುತ್ತದೆ. ನಾಲ್ಕು ವರ್ಷದ ಮಗುವಿಗೆ ಅಷ್ಟು ಸಾಕು. ಆದರೆ ಎಂಟು, ಹತ್ತು ವರ್ಷದವರಿಗೆ ಅದರಲ್ಲಿ ಮುಂದೇನೂ ಇಲ್ಲ. ಶ್ರುತಿ ನಿಲ್ಲುವುದಿಲ್ಲ, ಹಾಡು ಬರುವುದಿಲ್ಲ.

ನನ್ನ ಪ್ರಕಾರ ಶ್ರುತಿ ಹಿಡಿಯದ ನಾಲ್ಕು ತಂತಿಗಿಂತ ಶ್ರುತಿಯಲ್ಲಿ ನಿಲ್ಲುವ ಒಂದು ತಂತಿ ಮೇಲು. ನಮ್ಮ ಕಲಬುರಗಿ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಹಾಡುವ ಭಜನೆ ಮಂಡಳಿಯವರ ಕೈಯಲ್ಲಿ ಇರುವುದು ಒಂದು ಏಕತಾರಿ, ಒಂದು ದಮ್ಮಡಿ, ಒಂದು ಜೋಡಿ ತಾಳ. ಒಂದೇ ತಂತಿಯ ಸಾ ಮೇಲೆ ಇಡೀ ರಾತ್ರಿ ನಿಲ್ಲುತ್ತದೆ.

ಇಲ್ಲಿ ಮೂರು ವಾದ್ಯ ಹೇಳುತ್ತೇನೆ. ಮೊದಲೆರಡು ಅರ್ಧ ದಿನದ ಆಟ. ಮೂರನೆಯದು ನಿಜವಾದ ಕೆಲಸ, ಎರಡು ದಿನ ಬೇಕು. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಆದ ಮೇಲಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಹಿಂಗಾರಿ ಜೋಳ ಕೊಯ್ದಿರುತ್ತಾರೆ, ತೊಗರಿ ಕಟ್ಟಿಗೆ ಹೊಲದ ಬದುವಿನಲ್ಲಿ ಒಣಗಿ ಬಿದ್ದಿರುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ಬಿಸಿಲಿಗೆ ಹೊರಗೆ ಹೋಗಲಾರದೆ ಮನೆ ಹಿಡಿದು ಕೂತಿರುತ್ತಾರೆ.

ಕಟ್ಟುವ ಮೊದಲು ಒಂದು ಪರೀಕ್ಷೆ

ಗಾಳದ ನೈಲಾನ್ ದಾರ ಎರಡು ಅಡಿ ತೆಗೆದುಕೊಳ್ಳಿ. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಮಗು ಬಿಗಿಯಾಗಿ ಎಳೆದು ಮೀಟಲಿ. ಸದ್ದು ಕೇಳಿಯೂ ಕೇಳದಷ್ಟು. ಈಗ ಅದೇ ದಾರದ ಕೆಳಗೆ ಖಾಲಿ ಡಬ್ಬಿಯ ತಳವನ್ನು ಒತ್ತಿ ಹಿಡಿದು ಮತ್ತೆ ಮೀಟಿಸಿ. ದನಿ ಒಮ್ಮೆಲೇ ದೊಡ್ಡದಾಗುತ್ತದೆ.

ತೆಳ್ಳಗಿನ ದಾರ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದು ಡಬ್ಬಿಯ ಅಗಲವಾದ ತಗಡನ್ನು ಅಲುಗಿಸುತ್ತದೆ, ತಗಡು ಗಾಳಿಯನ್ನು ಅಲುಗಿಸುತ್ತದೆ. ಇದನ್ನು ಮಗು ತಾನೇ ಕೇಳಿಸಿಕೊಂಡರೆ ಮುಂದೆ ‘ಇಲ್ಲಿ ಅಂಟು ಜಾಸ್ತಿ ಹಾಕಬೇಡ, ತಗಡಿಗೆ ಕೈ ತಾಗಿಸಬೇಡ’ ಎಂದು ಪದೇ ಪದೇ ಹೇಳುವುದು ತಪ್ಪುತ್ತದೆ.

ಜೋಳದ ದಂಟಿನ ತಂತಿ

ಪೂರ್ತಿ ಒಣಗಿ ಪುಡಿಯಾಗುವ ದಂಟು ಬೇಡ, ಹಸಿ ದಂಟೂ ಬೇಡ. ಅರೆ ಒಣಗಿದ, ಗಟ್ಟಿ ಸಿಪ್ಪೆಯ ದಂಟು ಆರಿಸಿ. ಎರಡು ಗಿಣ್ಣುಗಳ ನಡುವೆ ಒಂದು ಗೇಣಿನಷ್ಟಾದರೂ ಉದ್ದ ಇರಲಿ. ಗಿಣ್ಣುಗಳನ್ನು ಹಾಗೇ ಉಳಿಸಿಕೊಂಡು ತುಂಡು ಮಾಡಿ.

ಒಂದು ಗಿಣ್ಣಿನಿಂದ ಇನ್ನೊಂದು ಗಿಣ್ಣಿನವರೆಗೆ ಸಿಪ್ಪೆಯ ಮೇಲೆ ಚಾಕುವಿನಿಂದ ಎರಡು ಉದ್ದ ಗೀರು ಎಳೆಯಿರಿ, ನಡುವೆ 3 ಮಿಲಿಮೀಟರ್ ಇರಲಿ. ಆ ಪಟ್ಟಿಯ ಕೆಳಗಿನ ಬೆಂಡನ್ನು ಮೆಲ್ಲಗೆ ಬಿಡಿಸಿ. ಪಟ್ಟಿಯ ಎರಡೂ ತುದಿ ಗಿಣ್ಣಿಗೆ ಅಂಟಿಕೊಂಡೇ ಇರಬೇಕು. ಈಗ ಎರಡೂ ತುದಿಯ ಹತ್ತಿರ ಪಟ್ಟಿಯ ಕೆಳಗೆ ಬೆಂಕಿಕಡ್ಡಿಯ ತುಂಡು ತೂರಿಸಿ. ಸಿಪ್ಪೆಯೇ ತಂತಿಯಾಯಿತು. ಕಿವಿಯ ಹತ್ತಿರ ಹಿಡಿದು ಮೀಟಿ. ಡಬ್ಬಿಯ ಮೇಲಿಟ್ಟು ಮೀಟಿದರೆ ಇನ್ನೂ ಚೆನ್ನ. ಕಡ್ಡಿಗಳನ್ನು ಹತ್ತಿರ ಸರಿಸಿದರೆ ದನಿ ಏರುತ್ತದೆ.

ಸೀಳುವ ಕೆಲಸ ದೊಡ್ಡವರದು. ಜೋಳದ ಸಿಪ್ಪೆಯ ಅಂಚು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ. ಇದು ಬಾಳುವ ವಾದ್ಯವಲ್ಲ. ಮುರಿದರೆ ಇನ್ನೊಂದು ದಂಟು, ಅಷ್ಟೇ.

ಡಬ್ಬಿ ಚೌಡಕಿ

ಎಲ್ಲಮ್ಮನ ಪದ ಹಾಡುವವರ ಕಂಕುಳಲ್ಲಿ ಚೌಡಕಿ ನೋಡಿರುತ್ತೀರಿ. ಕೊಳವೆಯ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದು ತಂತಿ. ಅದೇ ಉಪಾಯವನ್ನು ಡಬ್ಬಿಯಲ್ಲಿ ಮಾಡಬಹುದು. ಆರು ವರ್ಷದ ಮೇಲಿನ ಮಕ್ಕಳಿಗೆ ಇದರಷ್ಟು ನಗು ತರುವ ವಾದ್ಯ ಇನ್ನೊಂದಿಲ್ಲ.

ಅರ್ಧ ಕಿಲೋ ಸಾಮಾನು ಹಿಡಿಯುವ ತಗಡಿನ ಡಬ್ಬಿ ತೆಗೆದುಕೊಂಡು ಬಾಯಿಯ ಅಂಚಿಗೆ ಇನ್ಸುಲೇಶನ್ ಟೇಪು ಸುತ್ತಿ. ತಳದ ನಟ್ಟನಡುವೆ ಒಂದು ಸಣ್ಣ ಮೊಳೆಯಿಂದ ತೂತು ಮಾಡಿ. ಮೊಳೆಯನ್ನು ಹೊರಗಿನಿಂದ ಒಳಕ್ಕೆ ಹೊಡೆಯಿರಿ. ಆಮೇಲೆ ಒಳಗೆ ಎದ್ದ ಚೂಪನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಅದೇ ದಾರವನ್ನು ಕತ್ತರಿಸುತ್ತದೆ.

1 ಮಿಲಿಮೀಟರ್ ದಪ್ಪದ ನೈಲಾನ್ ದಾರ, ಒಂದು ಮೊಳ. ಒಂದು ತುದಿಗೆ ಅಂಗಿಯ ಗುಂಡಿ ಕಟ್ಟಿ, ಇನ್ನೊಂದು ತುದಿಯನ್ನು ತಳದ ಹೊರಗಿನಿಂದ ತೂರಿಸಿ ಬಾಯಿಯ ಕಡೆಯಿಂದ ಹೊರತೆಗೆಯಿರಿ. ಗುಂಡಿ ಹೊರಗೆ ತಳಕ್ಕೆ ಆತು ನಿಲ್ಲುತ್ತದೆ. ಬಾಯಿಯಿಂದ ಹೊರಬಂದ ತುದಿಗೆ ಬೆರಳುದ್ದದ ತೊಗರಿ ಕಟ್ಟಿಗೆ ಕಟ್ಟಿ. ಅದೇ ಹಿಡಿ.

ಡಬ್ಬಿಯನ್ನು ಎಡಗಂಕುಳಲ್ಲಿ ಒತ್ತಿಕೊಂಡು, ಎಡಗೈಯಲ್ಲಿ ಹಿಡಿ ಎಳೆದು, ಬಲಗೈಯಲ್ಲಿ ದಾರ ಮೀಟಬೇಕು. ಎಳೆದಷ್ಟೂ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹುಡುಗರು ಮೊದಲು ಇದರಲ್ಲಿ ಬೆಕ್ಕು ಕೂಗಿಸುತ್ತಾರೆ, ಮುತ್ಯಾ ಕೆಮ್ಮಿದ ಹಾಗೆ ಮಾಡುತ್ತಾರೆ. ತಡೆಯಬೇಡಿ. ಬಿಗಿ ಹೆಚ್ಚಾದರೆ ಸ್ವರ ಏರುತ್ತದೆ ಎಂಬ ಪಾಠ ಆ ಬೆಕ್ಕಿನ ಕೂಗಿನಲ್ಲೇ ಆಗಿಹೋಗುತ್ತದೆ.

ಈಗ ಏಕತಾರಿ

ತನ್ನ ಮೈಯನ್ನೇ ದಂಡಿಗೆ, ತಲೆಯನ್ನೇ ಸೋರೆ, ನರವನ್ನೇ ತಂತಿ ಮಾಡು ಎಂದು ಬಸವಣ್ಣನವರು ಕೇಳಿದ ವಚನ ನಮ್ಮಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಸಾಮಾನಿನ ಪಟ್ಟಿ ಅಲ್ಲೇ ಇದೆ ನೋಡಿ. ನಮಗೆ ಮರದ ರೀಪೇ ದಂಡಿಗೆ, ಸೋರೆಯ ಜಾಗದಲ್ಲಿ ತಗಡಿನ ಡಬ್ಬಿ ಇಡುತ್ತೇವೆ. ಭಜನೆಯ ಏಕತಾರಿ ಶ್ರುತಿಗೆ ಮಾತ್ರ. ನಮ್ಮದಕ್ಕೆ ಮೆಟ್ಟಿಲನ್ನೂ, ಅಂದರೆ ಸ್ವರದ ಜಾಗ ತೋರುವ ಅಡ್ಡಕಡ್ಡಿಗಳನ್ನೂ ಕಟ್ಟುತ್ತೇವೆ, ಆಗ ಹಾಡನ್ನೂ ನುಡಿಸಬಹುದು.

ಬೇಕಾದದ್ದು:

- ಮರದ ರೀಪು, 3 ಅಡಿ ಉದ್ದ, ಒಂದೂಕಾಲು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಬಡಿಗೇರರ ಹತ್ತಿರ ಉಳಿಕೆ ತುಂಡು ಸಿಗುತ್ತದೆ. ಗಂಟಿಲ್ಲದ, ನೆಟ್ಟಗಿನದನ್ನು ಕಣ್ಣಿಗೆ ಹಿಡಿದು ನೋಡಿ ಆರಿಸಿ.
- ತಗಡಿನ ದುಂಡು ಡಬ್ಬಿ, 12ರಿಂದ 15 ಸೆಂಟಿಮೀಟರ್ ಅಗಲ. ತುಪ್ಪದ ಅಥವಾ ಹಾಲಿನ ಪುಡಿಯ ಡಬ್ಬಿ ಆದೀತು. ತಳ ತಗಡಿನದೇ ಇರಲಿ. ಪ್ಲಾಸ್ಟಿಕ್ ಆದರೆ ದನಿ ಮಂಕು.
- ಮರದ ಶಾಲಾ ಸ್ಕೇಲು ಎರಡು, 30 ಸೆಂಟಿಮೀಟರಿನವು.
- 0.8 ಮಿಲಿಮೀಟರ್ ನೈಲಾನ್ ದಾರ.
- ಉರಿದು ಉಳಿದ ಊದಿನಕಡ್ಡಿಗಳು, ಗಟ್ಟಿ ನೂಲು, ಫೆವಿಕಾಲ್, ಸಣ್ಣ ಸ್ಕ್ರೂ, ಮೊಳೆ, ಅರ, ಉಜ್ಜುವ ಕಾಗದ.

ತಂತಿಯ ಉದ್ದ 60 ಸೆಂಟಿಮೀಟರ್. ಇದನ್ನು ಬದಲಿಸಬೇಡಿ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಮೊದಲ ದಿನ: ಗುರುತು, ತೂತು, ಅಂಟು

ರೀಪನ್ನು ಮಕ್ಕಳೇ ಉಜ್ಜಲಿ. ಎಡಗೈ ಜಾರುವ ಜಾಗ ಮೊದಲು ನುಣುಪಾಗಬೇಕು. ಆಮೇಲೆ ತಲೆಯ ತುದಿಯಿಂದ 10 ಸೆಂಟಿಮೀಟರಿಗೆ ಒಂದು ಗೆರೆ ಎಳೆಸಿ. ಅದು ಮೇರು, ಅಂದರೆ ತಂತಿಯ ಮೇಲಿನ ಗಡಿ. ಅಲ್ಲಿಂದ ಸರಿಯಾಗಿ 60 ಸೆಂಟಿಮೀಟರಿಗೆ ಇನ್ನೊಂದು ಗೆರೆ. ಅದು ಕುದುರೆಯ ಜಾಗ, ಅಂದರೆ ತಂತಿಯ ಕೆಳಗಿನ ಗಡಿ. ಡಬ್ಬಿಯ ನಡುಭಾಗ ಅಲ್ಲಿಗೆ ಬರಬೇಕು.

ಡಬ್ಬಿಯ ತಳವೇ ನಮ್ಮ ವಾದ್ಯದ ಮುಖ. ತೆರೆದ ಬಾಯಿ ಹಿಂದಕ್ಕೆ. ದಂಡಿಗೆ ಡಬ್ಬಿಯ ಪಕ್ಕದ ಗೋಡೆಯಲ್ಲಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ. ತಳದ ಅಂಚಿನಿಂದ 8 ಮಿಲಿಮೀಟರ್ ಬಿಟ್ಟು, ಎದುರು ಬದುರಾಗಿ ಎರಡು ಕಡೆ ರೀಪಿನ ತುದಿ ಇಟ್ಟು ಪೆನ್ಸಿಲಿನಲ್ಲಿ ಗೀಚಿ. ಎರಡೂ ಒಂದೇ ಸಾಲಿನಲ್ಲಿ ಇರಬೇಕು. ಡಬ್ಬಿಯ ಸುತ್ತ ಒಂದು ದಾರ ಸುತ್ತಿ, ಆ ದಾರವನ್ನು ಅರ್ಧಕ್ಕೆ ಮಡಚಿ ಅಳೆದರೆ ಎದುರಿನ ಬಿಂದು ಸಿಗುತ್ತದೆ.

ತೂತು ಕತ್ತರಿಸುವುದು ದೊಡ್ಡವರ ಕೆಲಸ, ಕೈಗೆ ದಪ್ಪ ಗವಸು ಇರಲಿ. ಚೌಕವನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಸೀಳಿ, ನಾಲ್ಕು ಕಿವಿಗಳನ್ನು ಒಳಕ್ಕೆ ಮಡಚಿ. ಚೂಪು ಒಳಗೆ ಹೋಗುತ್ತದೆ, ಕಿವಿಗಳು ದಂಡಿಗೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಅಂಚನ್ನು ಅರದಿಂದ ಉಜ್ಜಿ ಟೇಪು ಹಚ್ಚಿ. ಆಮೇಲೆ ದಂಡಿಗೆ ತೂರಿಸಿ, ಡಬ್ಬಿಯ ನಡುವು ಕುದುರೆಯ ಗೆರೆಗೆ ಬಂದಾಗ ಕಿವಿಗಳಿಗೆ ಒಂದೊಂದು ಸಣ್ಣ ಸ್ಕ್ರೂ ಹಾಕಿ.

ಇಲ್ಲಿ ನಿಂತು ಒಂದು ಸಲ ಪರೀಕ್ಷಿಸಿ. ಒಳಗೆ ದಂಡಿಗೆಗೂ ಡಬ್ಬಿಯ ತಳಕ್ಕೂ ನಡುವೆ ಸಂದು ಇರಬೇಕು. ದಪ್ಪ ರಟ್ಟು ನುಸುಳಿದರೆ ಸರಿ. ಮುಖಕ್ಕೆ ದಂಡಿಗೆ ತಾಗಿದರೆ ತಗಡು ಅಲುಗುವುದಿಲ್ಲ, ವಾದ್ಯ ಮೂಕಾಗುತ್ತದೆ.

ಸ್ಕೇಲುಗಳನ್ನು ಒಂದರ ಮೇಲೊಂದು ಅಂಟಿಸಿ ದಂಡಿಗೆಯ ಮೇಲೆ ಕೂರಿಸಿ. ಮೇಲಿನ ಸ್ಕೇಲಿನ ಸೊನ್ನೆ ಗೆರೆ ಮೇರುವಿನ ಗೆರೆಯ ಮೇಲೆಯೇ ಬರಬೇಕು. ಹೆಚ್ಚಿನ ಸ್ಕೇಲುಗಳಲ್ಲಿ ಸೊನ್ನೆ ತುದಿಯಲ್ಲಿ ಇರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ಹಾಗಾಗಿ ತುದಿ ನೋಡಿ ಅಂಟಿಸಬೇಡಿ. ಎರಡು ಸ್ಕೇಲು ಏಕೆ? ಒಂದೇ ಆದರೆ ತಂತಿ ಸ್ಕೇಲಿನಿಂದ ದೂರ ಉಳಿಯುತ್ತದೆ, ಒತ್ತಲು ಮಕ್ಕಳಿಗೆ ಕಷ್ಟ. ನೂಲಿನಿಂದ ಬಿಗಿದು ರಾತ್ರಿಯೆಲ್ಲ ಬಿಡಿ.

ಬಿರಡೆ

ಬಿರಡೆ ಅಂದರೆ ತಂತಿ ಸುತ್ತಿ ಬಿಗಿಯುವ ಗೂಟ. ಅದಕ್ಕೆ ತಲೆಯ ಕಡೆಯ 10 ಸೆಂಟಿಮೀಟರಿನ ನಡುವೆ, ಮೇಲಿನಿಂದ ಕೆಳಕ್ಕೆ 8 ಮಿಲಿಮೀಟರಿನ ತೂತು ಬೇಕು. ಮನೆಯಲ್ಲಿ ಡ್ರಿಲ್ ಇಲ್ಲದಿದ್ದರೆ ಮಗುವನ್ನೇ ಬಡಿಗೇರರ ಅಂಗಡಿಗೆ ಕರೆದುಕೊಂಡು ಹೋಗಿ. ‘ಕಾಕಾ, ಏಕತಾರಿ ಮಾಡ್ಲಕತ್ತೀವಿ, ಒಂದು ತೂತು ಹೊಡದು ಕೊಡ್ರಿ’ ಅಂತ ಮಗುವೇ ಕೇಳಲಿ. ಆ ಅಂಗಡಿಯಲ್ಲಿ ಕಳೆಯುವ ಅರ್ಧ ಗಂಟೆ ದಂಡವಲ್ಲ.

ಬಿರಡೆಗೆ ಬೇವಿನ ಒಣ ಕಟ್ಟಿಗೆ ಒಳ್ಳೆಯದು. ಜಾಲಿ ಇನ್ನೂ ಗಟ್ಟಿ, ಆದರೆ ಕೆತ್ತಲು ಕೈ ನೋಯುತ್ತದೆ. ತೊಗರಿ ಕಟ್ಟಿಗೆಯನ್ನು ಇಲ್ಲಿ ನಂಬಬೇಡಿ, ತಿರುವುವಾಗ ಸೀಳಬಹುದು. ನಾಲ್ಕು ಬೆರಳು ಉದ್ದದ ತುಂಡನ್ನು ಒಂದು ಕಡೆ ತೂತಿಗಿಂತ ಕೊಂಚ ದಪ್ಪ, ಇನ್ನೊಂದು ಕಡೆ ಕೊಂಚ ಸಣ್ಣ ಬರುವಂತೆ ಕೆತ್ತಿ ಉಜ್ಜಿ. ಸಣ್ಣ ತುದಿ ಕೆಳಗಿನಿಂದ ಹೊಕ್ಕು ಮೇಲೆ ಒಂದು ಇಂಚು ಹೊರಬರಲಿ. ಆ ಭಾಗದಲ್ಲಿ, ದಂಡಿಗೆಗೆ ಹತ್ತಿರವಾಗಿ, ದಾರಕ್ಕೆ ಒಂದು ಸಣ್ಣ ತೂತು. ಕೆಳಗಿನ ದಪ್ಪ ತುದಿಯನ್ನು ಬೆರಳಿಗೆ ಸಿಗುವಂತೆ ಚಪ್ಪಟೆ ಮಾಡಿ.

ಬಿರಡೆ ಜಾರುತ್ತಿದ್ದರೆ ಸೀಮೆಸುಣ್ಣದ ಪುಡಿ ಸವರಿ. ತೀರಾ ಬಿಗಿಯಾದರೆ ಒಣ ಸಾಬೂನು. ತಿರುವುವಾಗ ಒಳಕ್ಕೆ ಒತ್ತುತ್ತಲೇ ತಿರುವಬೇಕು. ಇದನ್ನು ಮಕ್ಕಳಿಗೆ ಕೈ ಹಿಡಿದು ತೋರಿಸಿ.

ಎರಡನೆಯ ದಿನ: ಕುದುರೆ ಮತ್ತು ತಂತಿ

ಕುದುರೆ ಅಂದರೆ ತಂತಿ ಕೂರುವ ಸಣ್ಣ ಮರದ ತುಂಡು. ಇಡೀ ವಾದ್ಯದಲ್ಲಿ ಅತಿ ಚಿಕ್ಕದು, ಅತಿ ಹೆಚ್ಚು ಕೆಲಸ ಮಾಡುವುದೂ ಇದೇ. ತೊಗರಿ ಕಟ್ಟಿಗೆಯ ಬುಡದ ತುಂಡು ಇದಕ್ಕೆ ಸಾಕು. ಮೂರು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಎತ್ತರ. ಕೆಳಭಾಗ ಚಪ್ಪಟೆ, ಮೇಲೆ ಚೂಪು ಏಣು, ಏಣಿನ ನಡುವೆ ತಂತಿ ಕೂರಲು ಒಂದು ಸಣ್ಣ ಗೀರು. ಅಂಟಿಸಬೇಡಿ. ತಂತಿಯ ಒತ್ತಡವೇ ಹಿಡಿಯುತ್ತದೆ, ಮುಂದೆ ಸರಿಸುವುದು ಬೇಕಾಗುತ್ತದೆ.

ಮೇರುವಿಗೆ 3 ಮಿಲಿಮೀಟರ್ ದಪ್ಪದ ಮೊಳೆಯ ತುಂಡನ್ನು ಸೊನ್ನೆ ಗೆರೆಯ ಮೇಲೆ ಅಡ್ಡ ಇಟ್ಟು ನೂಲಿನಿಂದ ಕಟ್ಟಿ. ಬಾಲದ ತುದಿಗೆ ಒಂದು ಸ್ಕ್ರೂ. ದಾರವನ್ನು ಸ್ಕ್ರೂಗೆ ಗಂಟು ಹಾಕಿ, ಕುದುರೆಯ ಮೇಲೆ ಹಾಯಿಸಿ, ಮೇರು ದಾಟಿಸಿ, ಬಿರಡೆಯ ತೂತಿಗೆ ತೂರಿಸಿ ಮೂರು ನಾಲ್ಕು ಸುತ್ತು ಬಿಗಿಯಿರಿ. ಹೊಸ ನೈಲಾನ್ ಒಂದೆರಡು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಇಳಿಯಿತು ಎಂದು ಬೇಸರಪಡಬೇಡಿ, ಮತ್ತೆ ಮತ್ತೆ ಬಿಗಿಯಿರಿ.

ಸ್ಕೇಲಿನ 30ರ ಗೆರೆಯ ಮೇಲೆ ತಂತಿ ಎಷ್ಟು ಎತ್ತರ ಇದೆ ನೋಡಿ. 4ರಿಂದ 5 ಮಿಲಿಮೀಟರ್ ಇದ್ದರೆ ಸರಿ. ಜಾಸ್ತಿ ಇದ್ದರೆ ಕುದುರೆಯ ಕೆಳಭಾಗವನ್ನು ಉಜ್ಜಿ ಇಳಿಸಿ. ಡಬ್ಬಿಯ ಏರಿದ ಅಂಚಿಗೆ ತಂತಿ ತಾಗುವಷ್ಟು ಇಳಿಸಬೇಡಿ.

ಉಕ್ಕಿನ ತಂತಿ ಹಾಕಬಹುದಾ ಎಂದು ದೊಡ್ಡ ಹುಡುಗರು ಕೇಳುತ್ತಾರೆ. ಕಾಲು ಮಿಲಿಮೀಟರ್ ದಪ್ಪದ ಗಿಟಾರ್ ತಂತಿ ಈ ದಂಡಿಗೆಯ ಮೇಲೆ ನಿಲ್ಲುತ್ತದೆ, ದನಿಯೂ ಹೊಳಪಾಗಿರುತ್ತದೆ. ಆದರೆ ಹರಿದರೆ ಕಣ್ಣಿಗೆ ಚಿಮ್ಮುತ್ತದೆ. ಹನ್ನೆರಡು ವರ್ಷದೊಳಗಿನವರಿಗೆ ನೈಲಾನ್ ಮಾತ್ರ ಎಂಬುದು ನನ್ನ ನಿಯಮ. ಉಕ್ಕು ಬಿಗಿಯುವಾಗ ಯಾರೂ ವಾದ್ಯದ ಮೇಲೆ ಮುಖ ಬಗ್ಗಿಸಬಾರದು.

ಮೆಟ್ಟಿಲು: ಸ್ಕೇಲೇ ಹೇಳುತ್ತದೆ

60 ಸೆಂಟಿಮೀಟರ್ ಯಾಕೆ ಎಂಬುದು ಈಗ. 60ನ್ನು 2, 3, 4, 5 ಎಲ್ಲವೂ ಭಾಗಿಸುತ್ತವೆ. ತಂತಿಯ ಅರ್ಧ ಮೀಟಿದರೆ ಮೇಲಿನ ಸಾ. ಮೂರರಲ್ಲಿ ಎರಡು ಭಾಗ ಮೀಟಿದರೆ ಪಂಚಮ. ನಾಲ್ಕರಲ್ಲಿ ಮೂರು ಭಾಗ ಮಧ್ಯಮ. ಐದರಲ್ಲಿ ನಾಲ್ಕು ಭಾಗ ಗಂಧಾರ, ಐದರಲ್ಲಿ ಮೂರು ಭಾಗ ಧೈವತ. ಐದನೇ ಇಯತ್ತೆಯ ಭಿನ್ನರಾಶಿ ಗೊತ್ತಿದ್ದವರು ಈ ಲೆಕ್ಕ ತಾವೇ ಮಾಡುತ್ತಾರೆ. ಮೇರುವಿನಿಂದ ಸೆಂಟಿಮೀಟರಿನಲ್ಲಿ ಅಳೆದ ಜಾಗಗಳು ಹೀಗೆ:

ರಿ – 6.7
ಗ – 12
ಮ – 15
ಪ – 20
ಧ – 24
ನಿ – 28
ಮೇಲಿನ ಸಾ – 30

ಸ್ಕೇಲಿನ ಮೇಲೆ ಗೆರೆಗಳು ಆಗಲೇ ಇವೆ, ಅಳೆಯುವ ಕೆಲಸವೇ ಇಲ್ಲ. ಊದಿನಕಡ್ಡಿಯ ಬಿದಿರನ್ನು ಸ್ಕೇಲಿನ ಅಗಲಕ್ಕೆ ಕತ್ತರಿಸಿ, ಒಂದೊಂದನ್ನೂ ಆ ಗೆರೆಯ ಮೇಲೆ ಅಡ್ಡ ಇಟ್ಟು, ದಂಡಿಗೆಯ ಸುತ್ತ ನೂಲು ಸುತ್ತಿ ಕಟ್ಟಿ. ನೂಲು ಕಡ್ಡಿಯ ಎರಡು ತುದಿಯಲ್ಲಿ ಮಾತ್ರ ಇರಲಿ, ತಂತಿಯ ಕೆಳಗೆ ಬರಬಾರದು. ಅಂಟು ಬೇಡ. ಬೆರಳನ್ನು ಮೆಟ್ಟಿಲಿನ ಮೇಲಲ್ಲ, ಅದರ ಹಿಂದೆ, ಮೇರುವಿನ ಕಡೆ ಒತ್ತಬೇಕು.

ನನ್ನ ಸಲಹೆ, ಮೊದಲು ಐದೇ ಮೆಟ್ಟಿಲು ಕಟ್ಟಿ: 6.7, 12, 20, 24, 30. ಇದು ಭೂಪ ರಾಗದ ಸ್ವರಗಳು. ಮಧ್ಯಮ, ನಿಷಾದ ಇಲ್ಲದ್ದರಿಂದ ಮಗು ಎಲ್ಲಿ ಒತ್ತಿದರೂ ಕಿವಿಗೆ ಒರಟಾಗಿ ಕೇಳುವುದಿಲ್ಲ. ಒಂದು ವಾರ ಅದರಲ್ಲೇ ಆಡಲಿ. ಆಮೇಲೆ ಉಳಿದ ಎರಡು ಕಟ್ಟಿ. ಭೈರವಿ ಬೇಕು ಅಂದರೆ ರಿಷಭವನ್ನು 3.75ಕ್ಕೆ, ಗಂಧಾರವನ್ನು 10ಕ್ಕೆ, ಧೈವತವನ್ನು 22.5ಕ್ಕೆ, ನಿಷಾದವನ್ನು 26.7ಕ್ಕೆ ಸರಿಸಿದರಾಯಿತು. ಅಂಟಿಸಬೇಡಿ ಎಂದದ್ದು ಇದಕ್ಕೇ.

ಶ್ರುತಿ ಕೂಡಿಸುವುದು

ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ಅಥವಾ ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಅದರ ಒಂದು ಸ್ವರದ ಮನೆ ಒತ್ತಿ ಹಿಡಿಯಿರಿ. ತಂತಿ ತೊಪತೊಪ ಅನ್ನುತ್ತಿದ್ದರೆ ಸಡಿಲ. ಒತ್ತಿದಾಗ ಬೆರಳು ಕೊರೆಯುತ್ತಿದ್ದರೆ ಬಿಗಿ. ನಡುವಿನ ಒಂದು ಶ್ರುತಿಗೆ ನಿಲ್ಲಿಸಿ.

ಆಮೇಲೆ ಕುದುರೆಯ ಜಾಗ ಸರಿ ಮಾಡಬೇಕು. 30ರ ಗೆರೆಯ ಮೇಲೆ ತಂತಿಗೆ ಬೆರಳು ಸುಮ್ನೆ ತಾಗಿಸಿ, ಒತ್ತದೆ, ಮೀಟಿದ ಕೂಡಲೇ ಬೆರಳು ಎತ್ತಿ. ಗಂಟೆಯಂಥ ತೆಳು ದನಿ ಬರುತ್ತದೆ. ಅದು ಪಕ್ಕಾ ಮೇಲಿನ ಸಾ. ಈಗ ಅದೇ ಜಾಗದ ಮೆಟ್ಟಿಲು ಒತ್ತಿ ಮೀಟಿ. ಒತ್ತಿದ ದನಿ ಕೊಂಚ ಏರಿ ಕೇಳುತ್ತದೆ, ಯಾಕೆಂದರೆ ಒತ್ತುವಾಗ ತಂತಿ ಹಿಗ್ಗುತ್ತದೆ. ಕುದುರೆಯನ್ನು ಬಾಲದ ಕಡೆಗೆ ಒಂದೆರಡು ಮಿಲಿಮೀಟರ್ ಸರಿಸಿ, ಎರಡೂ ದನಿ ಒಂದಾಗುವವರೆಗೆ. ಸಿಕ್ಕ ಮೇಲೆ ಕುದುರೆಯ ಸುತ್ತ ಪೆನ್ಸಿಲ್ ಗೆರೆ ಎಳೆದಿಡಿ. ಉಳಿದ ಮೆಟ್ಟಿಲುಗಳನ್ನು ಕಿವಿ ಹೇಳಿದಂತೆ ಕೂದಲೆಳೆಯಷ್ಟು ಸರಿಸಿಕೊಳ್ಳಿ. ಇಲ್ಲಿ ಮಕ್ಕಳ ಕಿವಿಯನ್ನು ನಂಬಿ, ನಮ್ಮ ಕಿವಿಗಿಂತ ಚುರುಕು.

ತಂಬೂರಿಯ ಝೇಂಕಾರ ಬೇಕೆನಿಸಿದರೆ ಕುದುರೆಯ ಏಣನ್ನು ಬೆರಳಗಲ ಚಪ್ಪಟೆ ಮಾಡಿ, ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲು ತೂರಿಸಿ ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಒಂದು ಕಡೆ ದನಿ ಅರಳುತ್ತದೆ. ಮಿರಜಿನ ತಂಬೂರಿ ಕುಶಲಿಗರು ಜವಾರಿ, ಅಂದರೆ ಈ ಝೇಂಕಾರ, ತೆಗೆಯುವುದು ಇದೇ ತತ್ವದ ಮೇಲೆ. ಡಬ್ಬಿಯಲ್ಲಿ ಆ ಮಟ್ಟಕ್ಕೆ ಬರುವುದಿಲ್ಲ, ಆದರೆ ಮಕ್ಕಳ ಕಣ್ಣು ದೊಡ್ಡದಾಗುವಷ್ಟು ಬರುತ್ತದೆ. ಉಕ್ಕಿನ ತಂತಿಯಲ್ಲಿ ಇದು ಜಾಸ್ತಿ ಚೆನ್ನಾಗಿ ಕೇಳುತ್ತದೆ.

ಕೆಟ್ಟರೆ

ಝರ್ರ್ ಅನ್ನುತ್ತಿದ್ದರೆ ಯಾವುದೋ ಮೆಟ್ಟಿಲು ಎತ್ತರವಾಗಿದೆ, ಅಥವಾ ಡಬ್ಬಿಯ ಕಿವಿ ಸಡಿಲಾಗಿ ನಡುಗುತ್ತಿದೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿದು ಮೀಟಿದರೆ ಕಳ್ಳ ಸಿಗುತ್ತಾನೆ. ದನಿ ಸಣ್ಣಗಾಗಿದ್ದರೆ ಡಬ್ಬಿಯ ಬಾಯಿ ಹೊಟ್ಟೆಗೆ ಒತ್ತಿಕೊಂಡಿದ್ದೀರಾ ನೋಡಿ. ಬಾಯಿ ತೆರೆದಿರಬೇಕು. ದಂಡಿಗೆ ಬಾಗಿದರೆ ತಂತಿ ಜಾಸ್ತಿ ಬಿಗಿಯಾಗಿದೆ.

ಮೇ ತಿಂಗಳಲ್ಲಿ ಇದನ್ನು ಮಾಳಿಗೆಯ ಮೇಲೆ ಬಿಟ್ಟು ಬರಬೇಡಿ. ನಮ್ಮ ಬಿಸಿಲಿಗೆ ತಗಡು ಕೈ ಸುಡುತ್ತದೆ, ನೈಲಾನ್ ಸಡಿಲಾಗುತ್ತದೆ, ರೀಪು ತಿರುಚಿಕೊಳ್ಳಬಹುದು. ರಾತ್ರಿ ಗೋಡೆಗೆ ತೂಗುಹಾಕುವಾಗ ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿ.

ಎರಡು ಮೂರು ಮಕ್ಕಳು ಸೇರಿ ಮಾಡಿದ್ದರೆ ಎಲ್ಲ ವಾದ್ಯಗಳಿಗೂ ಒಂದೇ ಶ್ರುತಿ ಇಡಿ. ಒಬ್ಬರು ಬರೀ ಸಾ ಮೀಟುತ್ತಿರಲಿ, ಇನ್ನೊಬ್ಬರು ಮೆಟ್ಟಿಲ ಮೇಲೆ ಪದ ಹುಡುಕಲಿ, ಚಿಕ್ಕವರಿಗೆ ಚೌಡಕಿ ಕೊಡಿ. ಡಬ್ಬಿಯ ಬದಲು ನಿಜವಾದ ಸೋರೆ ಬುರುಡೆಯೇ ಬೇಕು ಅನ್ನುವವರು ಮಳೆಗಾಲದಲ್ಲಿ ಒಂದು ಬಳ್ಳಿ ಹಬ್ಬಿಸಿ, ಒಳ್ಳೆಯ ದುಂಡು ಕಾಯಿಯೊಂದನ್ನು ಕೊಯ್ಯದೆ ಬಳ್ಳಿಯಲ್ಲೇ ಬಲಿಯಲು ಬಿಡಿ. ಒಳಗಿನ ಬೀಜ ಗಲಗಲ ಅನ್ನುವವರೆಗೆ ನೆರಳಿನಲ್ಲಿ ಒಣಗಲಿ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದಂಡಿಗೆ, ಬಿರಡೆ, ಸ್ಕೇಲು ಎಲ್ಲ ಇದೇ ಇರಲಿ, ಡಬ್ಬಿಯೊಂದನ್ನೇ ಬದಲಿಸಿದರೆ ಆಯಿತು.